ಕೋಲಾರದ ಗಣಿಗಳೂ ಶಿಲಾಸ್ಫೋಟದ ಶಾಸ್ತ್ರವೂ

ಕೋಲಾರದ ಚಿನ್ನದ ಗಣಿಗಳ ಹೆಸರನ್ನು ಕೇಳದ ಕನ್ನಡಿಗನು ಇರಲಾರನು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಅಲ್ಲಿ ಕೈಹಾಕಿದಂದಿನಿಂದ ತೊಡಗಿ, 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಕೆಲಸ ನಿಲ್ಲಿಸುವ ಪರ್ಯಂತ, ಆ ನೆಲದಿಂದ ಸುಮಾರು 800 ಟನ್ ಚಿನ್ನ ಮೇಲೆ ಬಂದಿತೆಂದು ಲೆಕ್ಕ. ಆ ಚಿನ್ನದ ಲಾಭ ಯಾರ ಪಾಲಾಯಿತು, ದುಡಿದವರಿಗೆ ದಕ್ಕಿದ್ದೆಷ್ಟು ಎಂಬ ವಾದ ಹಳೆಯದು. ಅದನ್ನು ಇಲ್ಲಿ ಪುನಃ ಎತ್ತುವುದಿಲ್ಲ. ಅದೇ ಕೂಪಗಳಿಂದ ಚಿನ್ನದ ಸಂಗಡ ಮತ್ತೊಂದು ವಸ್ತುವೂ ಮೇಲೆ ಬಂದಿತು. ಭಾರ ಹೊತ್ತ ಬಂಡೆ ಏತಕ್ಕೆ ಸಿಡಿಯುತ್ತದೆ, ಎಲ್ಲಿ ಸಿಡಿಯುತ್ತದೆ, ಅದರ ಸಿಡಿತವನ್ನು ಎಷ್ಟರ ಮಟ್ಟಿಗೆ ತಡೆಯಬಹುದು ಎಂಬ ಜ್ಞಾನವೇ ಆ ವಸ್ತು. ಪೇಟೆಯಲ್ಲಿ ಅದಕ್ಕೆ ಬೆಲೆ ಕಟ್ಟುವವರಿಲ್ಲವಾದುದರಿಂದ ಅದರ ಸುದ್ದಿಯೂ ನಮ್ಮ ಊರುಗಳಿಗೆ ಬಂದಿಲ್ಲ.

ಈ ಜ್ಞಾನವನ್ನೇ ವೃತ್ತಿಯಾಗಿ ಮಾಡಿಕೊಂಡವರನ್ನು ಜಿಯೋಟೆಕ್ನಿಕಲ್ ಎಂಜಿನಿಯರರೆಂದು ಕರೆಯುತ್ತಾರೆ. ಹೆಸರು ಉದ್ದವಾಯಿತು, ಈ ಲೇಖನದ ಮಟ್ಟಿಗೆ ಭೂತಂತ್ರಜ್ಞರೆನ್ನೋಣ. ಅದಿರು ಎಲ್ಲಿದೆಯೆಂದು ತೋರಿಸುವುದು ಭೂಗರ್ಭಶಾಸ್ತ್ರಜ್ಞನ ಕೆಲಸ. ಅದನ್ನು ಮೇಲೆ ತರುವ ಏರ್ಪಾಡು ಗಣಿ ಎಂಜಿನಿಯರನದು. ಇವರಿಬ್ಬರ ನಡುವೆ ನಿಂತು, 'ತೆಗೆದದ್ದಾಯಿತು, ಉಳಿದದ್ದು ನಿಂತೀತೆ?' ಎಂದು ಕೇಳುವವನು ಭೂತಂತ್ರಜ್ಞ. ಗಣಿಯ ಒಡೆಯನಿಗೆ ಈ ಮೂರನೆಯವನ ಪ್ರಶ್ನೆ ಸಾಮಾನ್ಯವಾಗಿ ಹಿತವಾಗುವುದಿಲ್ಲ. ಮೊದಲಿನ ಇಬ್ಬರ ಶ್ರಮದ ಫಲ ತಕ್ಕಡಿಯಲ್ಲಿ ಕಾಣುತ್ತದೆ. ಇವನ ಶ್ರಮದ ಫಲವೆಂದರೆ ಸಂಭವಿಸದೆ ಹೋದ ಅಪಘಾತ. ಸಂಭವಿಸದ್ದನ್ನು ಯಾವ ವಾರ್ಷಿಕ ವರದಿಯಲ್ಲಿ ಬರೆಯುವುದು?

ಕೋಲಾರದಲ್ಲಿ ಈ ಪ್ರಶ್ನೆ ಬಹಳ ಹಿಂದೆಯೇ ಹುಟ್ಟಿತು. ಚಾಂಪಿಯನ್ ರೀಫ್ ಗಣಿಯು ಕಡೆಕಡೆಗೆ 3 ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದಿತ್ತು. ಅಲ್ಲಿಯ ಕಲ್ಲಿನ ಸಹಜ ಉಷ್ಣತೆಯೇ 60 ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಉಷ್ಣಕ್ಕಾದರೂ ತಣ್ಣನೆಯ ಗಾಳಿಯನ್ನು ಕೆಳಗಿಳಿಸಿ ಉಪಾಯ ಮಾಡಬಹುದು. ಭಾರಕ್ಕೆ ಉಪಾಯವೇನು? 3,000 ಮೀಟರ್ ಆಳದಲ್ಲಿ ಒಂದೊಂದು ಚದರ ಮೀಟರಿನ ಮೇಲೆ ಬೀಳುವ ಕಲ್ಲಿನ ಭಾರ 8,000 ಟನ್ನಿಗಿಂತ ಹೆಚ್ಚು. ಬಂಡೆ ಅಖಂಡವಾಗಿದ್ದಾಗ ಈ ಭಾರವನ್ನು ಎಲ್ಲ ಕಡೆಗೂ ಹಂಚಿಕೊಂಡು ಸುಮ್ಮನಿರುತ್ತದೆ. ಅದರ ನಡುವೆ ಒಂದು ಸುರಂಗವನ್ನು ಕೊರೆದೆವೆಂದರೆ, ಕೊರೆದ ಜಾಗ ಹೊರುತ್ತಿದ್ದ ಭಾರವೆಲ್ಲ ಪಕ್ಕದ ಗೋಡೆಗಳ ಮೇಲೆ ಬೀಳುತ್ತದೆ. ಮೆತ್ತನೆಯ ಕಲ್ಲಾದರೆ ಮೆಲ್ಲಗೆ ಬಾಗಿ, ಬಿರಿದು, ದಣಿವನ್ನು ತೋರಿಸುತ್ತದೆ. ಕೋಲಾರದ ಹಾರ್ನ್‌ಬ್ಲೆಂಡ್ ಶಿಸ್ಟ್ ಕಲ್ಲು ಹಾಗಲ್ಲ. ಅದು ಗಟ್ಟಿ, ಹಟಮಾರಿ. ಬಿಲ್ಲಿನಂತೆ ಬಿಗಿದುಕೊಳ್ಳುತ್ತ ಹೋಗಿ, ತಾಳಲಾರದ ಕ್ಷಣದಲ್ಲಿ ಒಮ್ಮೆಲೇ ಹರಿಯುತ್ತದೆ. ಹಾಗೆ ಹರಿದಾಗ ಟನ್‌ಗಟ್ಟಲೆ ಕಲ್ಲು ಸುರಂಗದೊಳಕ್ಕೆ ಸಿಡಿಯುತ್ತದೆ. ಎದುರಿಗಿದ್ದವನಿಗೆ ಓಡಲು ಸಮಯವಿರುವುದಿಲ್ಲ. ದೊಡ್ಡ ಸ್ಫೋಟಗಳಾದಾಗ ಮೇಲೆ ಪೇಟೆಯಲ್ಲಿ ಮನೆಯ ಗೋಡೆಗಳು ಬಿರಿದುದುಂಟು; ಪಾತ್ರೆಗಳು ನಡುಗಿದೊಡನೆಯೇ ಹೆಂಗಸರು ಶಾಫ್ಟಿನ ಕಡೆಗೆ ಓಡುತ್ತಿದ್ದರು.

ಇಂತಹ ಶಿಲಾಸ್ಫೋಟ ಊರಿಗಾಂ ಗಣಿಯಲ್ಲಿ ಮೊದಲು ದಾಖಲಾದದ್ದು 1898ರಲ್ಲಿ. ಅಂದಿನ ಗಣಿಯವರು ಇದನ್ನು 'ಏರ್ ಬ್ಲಾಸ್ಟ್' ಎಂದರು. ಸಿಡಿತದೊಡನೆ ನುಗ್ಗುವ ಗಾಳಿಯ ಹೊಡೆತ ಅವರ ಅನುಭವಕ್ಕೆ ಬಂದಿತ್ತು. ಅದನ್ನೇ ಕಾರಣವೆಂದು ಭಾವಿಸಿ ಹೆಸರಿಟ್ಟಿರಬೇಕು. ಹೆಸರು ತಪ್ಪಾದರೆ ಚಿಕಿತ್ಸೆಯೂ ತಪ್ಪುವುದು ವೈದ್ಯಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಗಾಳಿಯಿಂದ ಆಗುವ ಅನಾಹುತವಾದರೆ ಅದು ದೈವಾಧೀನವೆಂದು ಕೈಕಟ್ಟಿ ಕೂರಬಹುದು. ಕಲ್ಲನ್ನು ನಾವು ಕಡಿದ ಕ್ರಮದಿಂದಲೇ ಆಗುವುದಾದರೆ ಕಡಿಯುವ ಕ್ರಮವನ್ನು ಬದಲಿಸಬೇಕಾಗುತ್ತದೆ. ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಡಾ. ಸ್ಮೀತ್ ಎಂಬವರು 1904ರಲ್ಲಿಯೇ ಕೋಲಾರದ ಈ ಸ್ಫೋಟಗಳನ್ನೂ ನಡುಕಗಳನ್ನೂ ಕುರಿತು ಒಂದು ಸ್ವತಂತ್ರ ಪುಸ್ತಿಕೆಯನ್ನು ಪ್ರಕಟಿಸಿದರು. ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಗಣಿಗಳ ನಡುಕವನ್ನು ವಿಚಾರಿಸಲು ಅಲ್ಲಿಯ ಸರಕಾರವು ಸಮಿತಿಯನ್ನು ನೇಮಿಸಿದ್ದು 1908ರಲ್ಲಿ. ಕಾಲಗಣನೆಯಿಂದ ನೋಡಿದರೆ ಈ ಶಾಸ್ತ್ರದ ತವರುಮನೆಗಳಲ್ಲಿ ನಮ್ಮ ಕೋಲಾರವೂ ಒಂದೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ತವರುಮನೆಯಾದ ಮಾತ್ರಕ್ಕೆ ಸುಖವಿತ್ತೆಂದಲ್ಲ. ಮೊದಲಲ್ಲಿ ಮರದ ಆಧಾರಗಳನ್ನು ಕೊಟ್ಟು ನೋಡಿದರು. ಬಂಡೆಯ ಮುಂದೆ ಮರ ಬೆಂಕಿಕಡ್ಡಿಯಾಯಿತು. ಆಮೇಲೆ ಅದಿರನ್ನು ತೆಗೆದ ಟೊಳ್ಳುಗಳಲ್ಲಿ ಗ್ರಾನೈಟಿನ ಗೋಡೆಗಳನ್ನು ಕಟ್ಟಿದರು. ನೆಲದ ಮೇಲಿಂದ ಕಲ್ಲನ್ನು ಕೆಳಗಿಳಿಸಿ, ನೆಲದ ಕೆಳಗೆ ಕೋಟೆಯನ್ನು ಕಟ್ಟಿದಂತೆ ಕೋಲಾರದಲ್ಲಿ ನಡೆದ ಈ ಕೆಲಸ ನಮ್ಮ ಕಲ್ಲುಕುಟಿಗರ ಹಸ್ತಕೌಶಲದ ಒಂದು ಅಧ್ಯಾಯ. ಅದನ್ನು ಕಣ್ಣಾರೆ ಕಂಡವರು ಈಗ ವಿರಳರಾಗುತ್ತಿದ್ದಾರೆ. ಮುಂದೆ ಟೊಳ್ಳುಗಳನ್ನು ಕಾಂಕ್ರೀಟಿನಿಂದಲೇ ತುಂಬುವ ಪದ್ಧತಿ ಬಂದಿತು. ಇವೆಲ್ಲಕ್ಕಿಂತ ಮಿಗಿಲಾದ ಸುಧಾರಣೆಯಲ್ಲಿ ಕಲ್ಲೂ ಇರಲಿಲ್ಲ, ಸಿಮೆಂಟೂ ಇರಲಿಲ್ಲ. ಅದು ಕ್ರಮದ ಸುಧಾರಣೆ. ಹಿಂದಿನವರು ಚಿನ್ನ ಹೆಚ್ಚಾಗಿರುವ ಕಡೆಗಳಲ್ಲೆಲ್ಲ ಏಕಕಾಲಕ್ಕೆ ಕಡಿಯುತ್ತ ಬಂದರು. ನಾಲ್ಕು ಕಡೆಯಿಂದ ಕಡಿದು ಬಂದಾಗ ನಡುವೆ ಒಂದು ತುಂಡು ಬಂಡೆ ಉಳಿಯುತ್ತದೆ; ಸುತ್ತಲಿನ ಭಾರವೆಲ್ಲ ಆ ತುಂಡಿನ ತಲೆಯ ಮೇಲೆ. ತುಂಡು ಕಿರಿದಾದಷ್ಟೂ ಅದರೊಳಗಿನ ಬಿಗಿತ ಹಿರಿದು. ಅದಕ್ಕೆ ಹೊಂದಿ ಒಂದು ಡಾಲರೈಟ್ ಕಲ್ಲಿನ ಅಡ್ಡಗೋಡೆಯೋ, ನೆಲದ ಹಳೆಯ ಸೀಳೋ ಇದ್ದರಂತೂ ಅದು ಮದ್ದು ತುಂಬಿದ ಕೋಣೆ. ಆದುದರಿಂದ ಮಧ್ಯದಿಂದ ಹೊರಕ್ಕೆ, ಸೀಳಿನಿಂದ ದೂರಕ್ಕೆ, ಒಂದೇ ಮುಖವಾಗಿ ಕಡಿಯಬೇಕೆಂಬ ನಿಯಮವು ಕ್ರಮೇಣ ಏರ್ಪಟ್ಟಿತು. ಹೇಳುವುದಕ್ಕೆ ಇದು ಒಂದು ವಾಕ್ಯ. ಕಲಿಯುವುದಕ್ಕೆ ಎಷ್ಟು ಮನೆಗಳ ದೀಪ ಆರಬೇಕಾಯಿತೆಂಬುದನ್ನು ಗಣಿಯ ವಸತಿಗಳ ಹಿರಿಯರನ್ನು ಕೇಳಬೇಕು.

ಬಂಡೆಯ ಸದ್ದನ್ನು ಕೇಳುವ ವಿದ್ಯೆಯೂ ಇಲ್ಲಿ ಬೆಳೆಯಿತು. ಹಳೆಯ ಗಣಿಗಾರರು ಸಿಡಿತಕ್ಕೆ ಮುಂಚೆ ಬಂಡೆ ಚಟಪಟಿಸುವುದನ್ನು ಕಿವಿಯಿಂದಲೇ ಗುರುತಿಸುತ್ತಿದ್ದರು. 1970ರ ದಶಕದ ಕಡೆಯ ಹೊತ್ತಿಗೆ ಭಾಭಾ ಪರಮಾಣು ಸಂಶೋಧನ ಕೇಂದ್ರದವರ ನೆರವಿನಿಂದ ಗಣಿಯ ಮೇಲೂ ಒಳಗೂ ಕಂಪನಗ್ರಾಹಿಗಳ ಜಾಲವನ್ನು ಹರಡಿದರು. ಇದರ ತತ್ತ್ವ ಸರಳವಾದುದು. ಗಟ್ಟಿ ಬಂಡೆಯಲ್ಲಿ ಕಂಪನದ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಒಂದು ಯಂತ್ರಕ್ಕೆ ಸದ್ದು ಮುಟ್ಟಿದ ನಂತರ ಮತ್ತೊಂದು ಯಂತ್ರಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ತಡವಾಗಿ ಮುಟ್ಟಿತೆಂದರೆ, ಸದ್ದು ಹುಟ್ಟಿದ ಸ್ಥಳವು ಎರಡನೆಯದಕ್ಕಿಂತ ಮೊದಲನೆಯದಕ್ಕೆ 60 ಮೀಟರ್ ಹತ್ತಿರವೆಂದಾಯಿತು. ಹೀಗೆ ಹಲವು ಯಂತ್ರಗಳ ಹೊತ್ತನ್ನು ಹೋಲಿಸಿ, ಕಣ್ಣಿಗೆ ಕಾಣದ ಸಿಡಿತದ ಸ್ಥಳವನ್ನು ನಕ್ಷೆಯ ಮೇಲೆ ಗುರುತಿಸಬಹುದು. ಚುಕ್ಕೆಗಳು ಒಂದೆಡೆ ಮುತ್ತತೊಡಗಿದರೆ ಅಲ್ಲಿಯ ಬಂಡೆ ಬಿಗಿಯುತ್ತಿದೆಯೆಂದು ಅರ್ಥ. ಅಣ್ವಸ್ತ್ರಗಳ ಪರೀಕ್ಷೆಯನ್ನು ದೂರದಿಂದ ಪತ್ತೆಹಚ್ಚಲೆಂದು 1965ರಲ್ಲಿ ಗೌರಿಬಿದನೂರಿನಲ್ಲಿ ಸ್ಥಾಪಿಸಿದ ಕಂಪನಮಾಪಕ ಜಾಲಕ್ಕೂ, ನೂರು ಕಿಲೋಮೀಟರಿಗೆ ಮಿಕ್ಕಿದ ದೂರದಲ್ಲಿರುವ ಕೋಲಾರದ ಶಿಲಾಸ್ಫೋಟಗಳು ಕೇಳಿಸುತ್ತಿದ್ದುವು. (ಪ್ರಾಸಂಗಿಕವಾಗಿ ಒಂದು ಮಾತು: ಅದೇ ವರ್ಷ ಚಾಂಪಿಯನ್ ರೀಫಿನ ಆಳದಲ್ಲಿಯೇ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಗುರುತು ವಿಜ್ಞಾನಿಗಳಿಗೆ ದೊರಕಿತು. ಆ ಕೀರ್ತಿಯನ್ನು ಎಲ್ಲರೂ ಸ್ಮರಿಸುತ್ತಾರೆ; ಆ ವಿಜ್ಞಾನಿಗಳ ತಲೆಯ ಮೇಲಿನ ಛಾವಣಿಯನ್ನು ನಿಲ್ಲಿಸಿದವರನ್ನು ಸ್ಮರಿಸುವ ಪದ್ಧತಿಯಿಲ್ಲ.)

ಹೀಗೆಂದ ಮಾತ್ರಕ್ಕೆ, ಮುಂದಿನ ಮಂಗಳವಾರ ಇಷ್ಟು ಗಂಟೆಗೆ ಇಲ್ಲಿ ಬಂಡೆ ಸಿಡಿಯುತ್ತದೆಂದು ಹೇಳುವ ಶಕ್ತಿ ಯಾರಿಗೂ ಬಂದಿಲ್ಲ. ಈ ವೃತ್ತಿಯ ಪ್ರಾಮಾಣಿಕರು ಅದನ್ನು ಮೊದಲು ಒಪ್ಪಿಕೊಳ್ಳುತ್ತಾರೆ. ಅವರು ಹೇಳಬಲ್ಲದ್ದು ಇಷ್ಟು: ಈ ಕ್ರಮದಲ್ಲಿ ಕಡಿದರೆ ಅಪಾಯ ಹೆಚ್ಚು, ಆ ಕ್ರಮದಲ್ಲಿ ಕಡಿದರೆ ಕಡಮೆ, ಈ ಭಾಗದಲ್ಲಿ ಸದ್ದು ಏರುತ್ತಿದೆ, ಈ ಪಾಳಿಗೆ ಜನರನ್ನು ಇಳಿಸುವುದು ಬೇಡ. ಈ ಎರಡನೆಯ ಮಾತನ್ನು ಆಡುವವನಿಗೆ ಅದನ್ನು ನಡೆಸುವ ಅಧಿಕಾರವಿದೆಯೆ ಎಂಬುದೇ ನಾವು ಇಂದು ವಾಚಕರ ಮುಂದೆ, ವಿಶೇಷವಾಗಿ ಅಧಿಕಾರಿವರ್ಗದ ಮುಂದೆ, ಇಡಬಯಸುವ ವಿಷಯ.

ಎಚ್ಚರಿಕೆಯ ಮಾತಿಗೆ ಬೆಲೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ದಕ್ಷಿಣ ಆಫ್ರಿಕದ ಕೋಲ್‌ಬ್ರೂಕ್ ಎಂಬಲ್ಲಿಯ ಕಲ್ಲಿದ್ದಲಿನ ಗಣಿ ಸಾಕ್ಷಿ. ಅಲ್ಲಿ ಕಲ್ಲಿದ್ದಲನ್ನು ತೆಗೆಯುವಾಗ ನಡುನಡುವೆ ಕಂಬಗಳಂತೆ ಕಲ್ಲಿದ್ದಲನ್ನೇ ಉಳಿಸಿ ಛಾವಣಿಗೆ ಆಧಾರ ಕೊಟ್ಟಿದ್ದರು. 1959ರ ಡಿಸೆಂಬರ್ 28ರಂದು ಗಣಿಯ ಒಂದು ಭಾಗ ಕುಸಿಯಿತು. ಕೆಲಸ ಮುಂದುವರಿಯಿತು. ಮೂರು ವಾರ ತುಂಬಿದ ಬಳಿಕ, 1960ರ ಜನವರಿ 21ರಂದು, ಕಂಬಗಳು ಒಂದರ ಹಿಂದೊಂದು ಮುರಿಯುತ್ತ ಹೋಗಿ 435 ಜನರು ಸಮಾಧಿಯಾದರು. ಅವರ ದೇಹಗಳೂ ಸಿಕ್ಕಲಿಲ್ಲ. ಅಲ್ಲಿಯವರೆಗೆ ಕಂಬದ ಅಳತೆಯನ್ನು ಅನುಭವದಿಂದ, ಅಂದರೆ ಹೆಚ್ಚುಕಡಮೆ ಕಣ್ಣಳತೆಯಿಂದ, ನಿರ್ಣಯಿಸುತ್ತಿದ್ದರು. ಆಮೇಲೆ ಸಾಲಮನ್ ಮತ್ತು ಮನ್ರೋ ಎಂಬ ಇಬ್ಬರು ಶಾಸ್ತ್ರಜ್ಞರು ಆ ದೇಶದ ಗಣಿಗಳಿಂದ 125 ಕಡೆಯ ಕಂಬಗಳ ಲೆಕ್ಕವನ್ನು ಕೂಡಿಸಿದರು. ಅವುಗಳಲ್ಲಿ 98 ನಿಂತಿದ್ದುವು, 27 ಕುಸಿದಿದ್ದುವು. ನಿಂತದ್ದಕ್ಕೂ ಕುಸಿದದ್ದಕ್ಕೂ ಇರುವ ಅಂತರದಿಂದ ಕಂಬದ ಬಲದ ಸೂತ್ರವನ್ನು ಬಿಡಿಸಿ 1967ರಲ್ಲಿ ಪ್ರಕಟಿಸಿದರು. ಹೊರುವ ಭಾರಕ್ಕಿಂತ ಕಂಬದ ಬಲ 1.6 ಪಾಲು ಇರಬೇಕೆಂಬ ಪ್ರಮಾಣವು ಅಲ್ಲಿಂದ ರೂಢಿಗೆ ಬಂದಿತು.

ಈ ಲೆಕ್ಕ ಎಷ್ಟು ಸಾಮಾನ್ಯವಾದುದೆಂದು ತೋರಿಸಲು ಒಂದು ಉದಾಹರಣೆಯನ್ನು ಕೊಡೋಣ. 12 ಮೀಟರ್ ಚೌಕದ ಕಂಬಗಳು, ನಡುವೆ 6 ಮೀಟರ್ ಅಗಲದ ದಾರಿಗಳು ಎಂದಿಟ್ಟುಕೊಳ್ಳಿ. ಒಂದೊಂದು ಕಂಬವೂ ತನ್ನ 144 ಚದರ ಮೀಟರಿನ ಮೇಲಿನ ಭಾರವನ್ನಲ್ಲದೆ, ಸುತ್ತಲ ದಾರಿಯ ಪಾಲನ್ನೂ ಸೇರಿಸಿ 324 ಚದರ ಮೀಟರಿನ ಭಾರವನ್ನು ಹೊರಬೇಕು. ಎಂದರೆ ಎರಡೂಕಾಲು ಪಾಲು. ದಾರಿಯನ್ನು ಒಂದು ಮೀಟರ್ ಅಗಲಿಸಲು ಕಂಬದ ನಾಲ್ಕು ಪಕ್ಕಗಳಿಂದಲೂ ಅರ್ಧರ್ಧ ಮೀಟರ್ ಕೆತ್ತಿದರೆ, ಭಾರ ಅಷ್ಟೇ ಉಳಿದು ಕಂಬ 121 ಚದರ ಮೀಟರಿಗೆ ಇಳಿಯುತ್ತದೆ. ಛಾವಣಿಯಲ್ಲಿ ಉಳಿದ ಕಲ್ಲಿದ್ದಲನ್ನೂ ಬಿಡಬಾರದೆಂದು ಕೆಡವಿದರೆ ಕಂಬ ಎತ್ತರವಾಗುತ್ತದೆ. ಎತ್ತರವಾದ ಕಂಬ ದುರ್ಬಲ. ದಿನದ ಉತ್ಪನ್ನದ ಪಟ್ಟಿಯಲ್ಲಿ ಇವೆರಡೂ ಲಾಭದ ಬಾಬಿನಲ್ಲಿ ಬರುತ್ತವೆ. ಕೋಲ್‌ಬ್ರೂಕಿನಲ್ಲಿಯೂ ಛಾವಣಿಯ ಕಲ್ಲಿದ್ದಲನ್ನು ತೆಗೆದಿದ್ದರು.

ತೆರೆದ ಗಣಿಗಳಲ್ಲಿ ಇದೇ ಸಂಗ್ರಾಮ ಇಳಿಜಾರಿನ ಕೋನದ ವಿಷಯದಲ್ಲಿ ನಡೆಯುತ್ತದೆ. 300 ಮೀಟರ್ ಆಳದ ಒಂದು ಗುಂಡಿಯ ಗೋಡೆಯನ್ನು 45 ಡಿಗ್ರಿಯ ಇಳಿಜಾರಿನಲ್ಲಿ ಬಿಡಬೇಕೆಂದು ಭೂತಂತ್ರಜ್ಞನು ಹೇಳಿದನೆನ್ನಿ. ಅದನ್ನು 50 ಡಿಗ್ರಿಗೆ ಕಡಿದಾಗಿಸಿದರೆ, ಒಂದು ಕಿಲೋಮೀಟರ್ ಉದ್ದದ ಗೋಡೆಯಲ್ಲಿ 72 ಲಕ್ಷ ಘನ ಮೀಟರ್, ಎಂದರೆ ಸುಮಾರು 2 ಕೋಟಿ ಟನ್ ಬರಡು ಕಲ್ಲನ್ನು ಅಗೆದು ಸಾಗಿಸುವ ಖರ್ಚು ಉಳಿಯುತ್ತದೆ. ಐದೇ ಡಿಗ್ರಿ! ಹೀಗಿರುವಾಗ ಆಡಳಿತದವರು, 'ಸ್ವಲ್ಪ ನೋಡಿ ಸ್ವಾಮಿ, ಇನ್ನೆರಡು ಡಿಗ್ರಿ ಆಗಲಾರದೆ?' ಎಂದು ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಎರಡು ಡಿಗ್ರಿ ಆಗುವುದೂ ಉಂಟು. ಯಾವಾಗಲೂ ಇಲ್ಲವೆನ್ನುವ ಎಂಜಿನಿಯರನು ಜಾಣನಲ್ಲ, ದೇಶದ ಸಂಪತ್ತನ್ನು ವ್ಯರ್ಥವಾಗಿ ನೆಲದಲ್ಲಿ ಬಿಡುವವನು. ಆದುದರಿಂದಲೇ ಅವನು ಕಲ್ಲನ್ನು ಕೊರೆದು ದಿಂಡುಗಳನ್ನು ತೆಗೆದು ನೋಡುತ್ತಾನೆ. ದಿಂಡಿನಲ್ಲಿ 10 ಸೆಂಟಿಮೀಟರಿಗೆ ಕಡಮೆಯಿಲ್ಲದ ತುಂಡುಗಳ ಉದ್ದವನ್ನು ಕೂಡಿ, ಕೊರೆದ ಉದ್ದಕ್ಕೆ ಶೇಕಡ ಎಷ್ಟೆಂದು ಲೆಕ್ಕ ಹಾಕುವುದು ಬಂಡೆಯ ಗುಣವನ್ನು ಅಳೆಯುವ ಒಂದು ಸುಲಭ ಕ್ರಮ. ಬಿರುಕುಗಳ ದಿಕ್ಕು, ಅವುಗಳ ನಯ ಒರಟು, ಒಳಗಿನ ನೀರು ಇವನ್ನೆಲ್ಲ ಸೇರಿಸಿ ಬಂಡೆಗೆ ಅಂಕ ಕೊಡುವ ಪದ್ಧತಿಗಳು 1973-74ರಿಂದೀಚೆಗೆ ಲೋಕದಲ್ಲೆಲ್ಲ ಬಳಕೆಗೆ ಬಂದಿವೆ. ಧನಬಾದಿನ ಕೇಂದ್ರ ಗಣಿ ಸಂಶೋಧನಾಲಯದವರು ನಮ್ಮ ಕಲ್ಲಿದ್ದಲ ಗಣಿಗಳಿಗೆ ಒಪ್ಪುವಂತಹ ಅಂಕಪದ್ಧತಿಯನ್ನು ತಾವೇ ರೂಪಿಸಿದರು.

ಇಳಿಜಾರುಗಳ ವಿಷಯದಲ್ಲಿ ಒಂದು ಅನುಕೂಲವಿದೆ. ಅವು ಸಾಮಾನ್ಯವಾಗಿ ಮೊದಲು ಜರುಗಿ, ಆಮೇಲೆ ಕುಸಿಯುತ್ತವೆ. ಈ ದಿನ 2 ಮಿಲಿಮೀಟರ್ ಜರುಗಿದ ಗೋಡೆ ನಾಳೆ 4, ನಾಡಿದ್ದು 8 ಜರುಗಿತೆಂದರೆ ಅದರ ಕಾಲ ಹತ್ತಿರ ಬಂದಿತು. ಅಮೆರಿಕದ ಯೂಟಾ ಪ್ರಾಂತದ ಬಿಂಗಮ್ ಕ್ಯಾನ್ಯನ್ ತಾಮ್ರದ ಗಣಿಯಲ್ಲಿ 2013ರ ಫೆಬ್ರವರಿಯಿಂದ ಒಂದು ಭಾಗದ ಚಲನೆಯನ್ನು ರಾಡಾರ್ ಮೊದಲಾದ ಯಂತ್ರಗಳಿಂದ ಅಳೆಯುತ್ತ ಬಂದರು. ಮುಂಚೆಯೇ ದಾರಿಗಳನ್ನು ತಿರುಗಿಸಿದರು, ಪ್ರೇಕ್ಷಕರ ಕಟ್ಟಡವನ್ನು ಮುಚ್ಚಿದರು. ಏಪ್ರಿಲ್ 10ರಂದು ಹಗಲೇ ಎಲ್ಲರನ್ನೂ ಗುಂಡಿಯಿಂದ ಹೊರಗೆ ಕರೆಸಿದರು. ರಾತ್ರಿ ಒಂಬತ್ತೂವರೆಯ ಸುಮಾರಿಗೆ ಬೆಟ್ಟ ಕುಸಿಯಿತು. ಒಂದೂವರೆ ಗಂಟೆಯ ಮೇಲೆ ಪುನಃ ಕುಸಿಯಿತು. 10 ಕೋಟಿ ಟನ್ನಿಗೂ ಮೀರಿದ ಕಲ್ಲುಮಣ್ಣು ಕೆಳಗೆ ಬಂದರೂ ಒಬ್ಬರಿಗೂ ಗಾಯವಾಗಲಿಲ್ಲ. ಅವರ ಲೆಕ್ಕವೂ ಪೂರ್ಣ ಸರಿಯಾಗಿರಲಿಲ್ಲ. ಎಣಿಸಿದ್ದಕ್ಕಿಂತ ದೂರಕ್ಕೆ ಮಣ್ಣು ಹರಿದು ದೊಡ್ಡ ದೊಡ್ಡ ಲಾರಿಗಳು ಹೂತುಹೋದುವು. ಲಾರಿಗಳು ಹೋದುವು, ಜನರು ಉಳಿದರು.

ಇದಾದ ಮೂರು ವರ್ಷ ಎಂಟು ತಿಂಗಳಿಗೆ, 2016ರ ಡಿಸೆಂಬರ್ 29ರ ಸಾಯಂಕಾಲ, ಝಾರ್ಖಂಡದ ಗೊಡ್ಡಾ ಜಿಲ್ಲೆಯ ರಾಜಮಹಲ್ ಕಲ್ಲಿದ್ದಲ ಗಣಿಯಲ್ಲಿ ಕಲ್ಲುಮಣ್ಣಿನ ರಾಶಿ ಕುಸಿದು ಕೆಳಗೆ ದುಡಿಯುತ್ತಿದ್ದ 23 ಜನರು ಮಡಿದರು. ಬಿಂಗಮ್ಮಿನ ರಾಶಿಯ ಮುಂದೆ ಇದು ಚಿಕ್ಕದು. ಯಂತ್ರಗಳು ದುಬಾರಿಯೆಂಬುದು ನಿಜ. ಆದರೆ ಬಿಂಗಮ್ಮಿನಲ್ಲಿ ಜನರನ್ನು ಉಳಿಸಿದ್ದು ಯಂತ್ರ ಮಾತ್ರವೆಂದು ತಿಳಿದರೆ ಅರ್ಧವನ್ನು ಮಾತ್ರ ತಿಳಿದಂತಾಯಿತು. ಅಳೆದವನು 'ಹೊರಗೆ ಬನ್ನಿ' ಎಂದಾಗ, ಒಂದು ದಿನದ ಉತ್ಪನ್ನ ನಷ್ಟವಾದರೂ ಚಿಂತೆಯಿಲ್ಲವೆಂದು ಒಪ್ಪಿದ ಆಡಳಿತವೊಂದು ಅಲ್ಲಿತ್ತು.

ಅಳೆಯುತ್ತ ಕುಳಿತರೆ ಸಾಕೆಂಬ ಭ್ರಮೆಯೂ ಇರಬಾರದು. ಅದಿರನ್ನು ಪುಡಿಮಾಡಿ ಲೋಹವನ್ನು ತೆಗೆದ ನಂತರ ಉಳಿಯುವ ಕೆಸರನ್ನು ಕಟ್ಟೆ ಕಟ್ಟಿ ನಿಲ್ಲಿಸುವುದು ಎಲ್ಲ ಕಡೆಯ ಪದ್ಧತಿ. ಬ್ರೆಜಿಲ್ ದೇಶದ ಬ್ರುಮಾಡಿನ್ಯೋ ಎಂಬಲ್ಲಿ ಇಂತಹ ಒಂದು ಕಟ್ಟೆಯನ್ನು ಹಳೆಯ ಕೆಸರಿನ ಮೇಲೆಯೇ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ 86 ಮೀಟರ್ ಎತ್ತರಕ್ಕೆ ತಂದಿದ್ದರು. ಕೆಲವೇ ತಿಂಗಳ ಹಿಂದೆ ಅದು ಸ್ಥಿರವಾಗಿದೆಯೆಂಬ ಪ್ರಮಾಣಪತ್ರವನ್ನು ಪಡೆದಿದ್ದರು. 2019ರ ಜನವರಿ 25ರ ಮಧ್ಯಾಹ್ನ, ಕಣ್ಣಿಗೆ ಬೀಳುವ ಮುನ್ಸೂಚನೆಯನ್ನೇ ಕೊಡದೆ, ಕಟ್ಟೆ ಒಮ್ಮೆಗೇ ದ್ರವವಾಗಿ ಹರಿಯಿತು. 270 ಜನರು ಸತ್ತರು. ಕೆಲಸಗಾರರ ಊಟದ ಮನೆ ಕಟ್ಟೆಯ ಕೆಳಗಡೆಯೇ ಇದ್ದಿತು. ನೀರಿನಿಂದ ತೊಯ್ದ ಸಡಿಲ ಪುಡಿ ತನ್ನ ಭಾರಕ್ಕೇ ಸೋತು ಗಂಜಿಯಾಗುವ ಗುಣವನ್ನು ಭೂತಂತ್ರಜ್ಞರು ಬಹುಕಾಲದಿಂದ ಬಲ್ಲರು. ಅಪಾಯವು ಕಟ್ಟಿದ ರೀತಿಯಲ್ಲಿಯೇ ಅಡಗಿತ್ತು. ಗಡಿಯಾರ ನೋಡಿ ಕಾಯುವ ಪ್ರಶ್ನೆಯಿರಲಿಲ್ಲ. ಇಲ್ಲಿ ವಿಚಾರಣೀಯವಾದ ಇನ್ನೊಂದು ಸಂಗತಿಯುಂಟು. ಪ್ರಮಾಣಪತ್ರವನ್ನು ಕೊಡುವವನಿಗೆ ಸಂಬಳವನ್ನು ಕೊಡುವವರು, ಆ ಪತ್ರ ಬೇಕಾದವರೇ. ನ್ಯಾಯಾಧೀಶನ ಸಂಬಳವನ್ನು ಕಕ್ಷಿಗಾರನು ಕೊಡುವ ಏರ್ಪಾಡನ್ನು ಯಾವ ನಾಗರಿಕನೂ ಒಪ್ಪಲಾರನು. ಗಣಿಗಳಲ್ಲಿ ಮಾತ್ರ ಒಪ್ಪಿದ್ದೇವೆ. ಈ ದುರಂತದ ತರುವಾಯ, 2020ರ ಆಗಸ್ಟಿನಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ನಿಯಮಾವಳಿಯು, ಪ್ರತಿಯೊಂದು ಕೆಸರಿನ ಕಟ್ಟೆಗೂ ಹೆಸರು ಹೇಳಬಲ್ಲ ಒಬ್ಬ ಜವಾಬ್ದಾರ ಎಂಜಿನಿಯರನಿರಬೇಕೆಂದು ವಿಧಿಸಿತು.

ದೂರದ ದೇಶಗಳ ಮಾತನ್ನು ಬಿಟ್ಟು ನಮ್ಮ ನೆಲಕ್ಕೆ ಬರೋಣ. ಕುದುರೆಮುಖದಲ್ಲಿ ಕಬ್ಬಿಣದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ ಕಟ್ಟೆ ನಿಲ್ಲುವುದನ್ನು ಬಿಡುವಂತಿಲ್ಲ. ನೂರು ಮೀಟರಿನಷ್ಟು ಎತ್ತರದ ಆ ಕಟ್ಟೆಯ ಹಿಂದೆ ವರ್ಷಾನುವರ್ಷದ ಅದಿರಿನ ಹುಡಿ ಕುಳಿತಿದೆ, ಕೆಳಗೆ ಭದ್ರಾನದಿ, ಮೇಲೆ ಮಲೆನಾಡಿನ ಮಳೆ. ಗಣಿ ಮುಚ್ಚಿದೊಡನೆ ವರಮಾನ ನಿಲ್ಲುತ್ತದೆ, ಕಾವಲಿನ ಖರ್ಚು ನಿಲ್ಲುವುದಿಲ್ಲ. ಬಳ್ಳಾರಿ ಸೀಮೆಯಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಳನ್ನು ನಿಲ್ಲಿಸಿದ ಮೇಲೆ, ಪುನಃ ತೆರೆಯುವ ಮುಂಚೆ ಒಂದೊಂದು ಗಣಿಗೂ ಪುನರುಜ್ಜೀವನದ ಯೋಜನೆ ಬೇಕೆಂದಾಗ, ಕಲ್ಲುಮಣ್ಣಿನ ರಾಶಿಗಳ ಇಳಿಜಾರು, ಅವುಗಳ ಬುಡದ ಗೋಡೆ, ಹಳ್ಳಗಳ ತಡೆಗಟ್ಟು ಇವು ಮುಖ್ಯ ಬಾಬುಗಳಾದುವು. ಅಷ್ಟು ಕಾಲ ಈ ರಾಶಿಗಳನ್ನು ಯಾರು ನೋಡಿಕೊಳ್ಳುತ್ತಿದ್ದರೆಂದು ಕೇಳಿದರೆ, ಉತ್ತರ ಹೇಳಬೇಕಾದವರು ಬಹಳ ಮಂದಿಯಿದ್ದಾರೆ.

ಕೋಲಾರದ ಕಥೆ 2001ಕ್ಕೆ ಮುಗಿದಿದೆಯೆಂದು ಭಾವಿಸಿದವರೂ ತಪ್ಪಿದ್ದಾರೆ. ಪಂಪುಗಳು ನಿಂತ ಮೇಲೆ ಆ ಶತಮಾನದ ಟೊಳ್ಳುಗಳಿಗೆಲ್ಲ ನೀರು ತುಂಬತೊಡಗಿತು. ನೀರು ಹಳೆಯ ಸೀಳುಗಳಿಗೆ ಇಳಿದು ಅವುಗಳ ಹಿಡಿತವನ್ನು ಸಡಿಲಿಸುತ್ತದೆ. ಗಣಿಯೊಳಗೆ ಒಬ್ಬನೂ ಇಲ್ಲದಿದ್ದರೂ ಮೇಲೆ ನೆಲ ನಡುಗುತ್ತದೆ. ಮುಚ್ಚಿದ ತರುವಾಯವೂ ಹೀಗೆ ಆದ ಕಂಪನಗಳನ್ನು, 1988ರಲ್ಲಿ ಕೋಲಾರದ ಗಣಿಪಟ್ಟಣದಲ್ಲಿಯೇ ಸ್ಥಾಪಿತವಾದ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯವರು ಅಳೆದು ದಾಖಲೆ ಮಾಡಿದ್ದಾರೆ. ಈ ಸಂಸ್ಥೆಯ ಶಾಸ್ತ್ರಜ್ಞರು ಕೋಲಾರದಲ್ಲಿ ಕಲಿತ ವಿದ್ಯೆಯನ್ನು ದೇಶದ ಜಲವಿದ್ಯುತ್ ಸುರಂಗಗಳಿಗೂ ಇತರ ಗಣಿಗಳಿಗೂ ಒಯ್ದರು. ಇದನ್ನು ಸಂತೋಷದಿಂದ ಬರೆಯಬೇಕು. ಇನ್ನು ನೆಲದ ಮೇಲೆ, ಪೇಟೆಯ ಪಕ್ಕದಲ್ಲಿ, ಜನರು ಸೈನೈಡ್ ಗುಡ್ಡಗಳೆಂದು ಕರೆಯುವ ಪುಡಿಯ ರಾಶಿಗಳಿವೆ. ಅವುಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವುದಕ್ಕಾಗಿ 13 ರಾಶಿಗಳ, ಸಾವಿರ ಎಕರೆಯಷ್ಟು ನೆಲದ ಮೇಲೆ ಕೆಲಸ ನಡೆಸುವ ಕೇಂದ್ರ ಸರಕಾರದ ಸಲಹೆಗೆ 2024ರ ಜೂನಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಒಪ್ಪಿಗೆಯನ್ನು ಕೊಟ್ಟಿತು. ಚಿನ್ನ ಬರುವುದಾದರೆ ಬರಲಿ; ಆ ಪಟ್ಟಣಕ್ಕೆ ಉದ್ಯೋಗದ ಹಸಿವು ಬಹಳವಾಗಿದೆ. ಆದರೆ ಈ ರಾಶಿಗಳನ್ನು ಕಡಿಯತೊಡಗಿದರೆ ಅವುಗಳ ಇಳಿಜಾರು ಬದಲಾಗುತ್ತದೆ, ಮಳೆಯ ನೀರು ಹೊಸ ದಾರಿಯನ್ನು ಹಿಡಿಯುತ್ತದೆ. ಕೆಳಗಿನ ನೆಲವಂತೂ ಮೊದಲೇ ಟೊಳ್ಳು.

ಆದುದರಿಂದ ಅಧಿಕಾರಿವರ್ಗದವರನ್ನು ಕೇಳಬೇಕಾದ ಪ್ರಶ್ನೆಗಳು ಮೂರಿವೆ. ಈ ಕೆಲಸಕ್ಕೆ ನೇಮಕವಾಗುವ ಭೂತಂತ್ರಜ್ಞನು ಯಾರಿಗೆ ವರದಿ ಒಪ್ಪಿಸುವನು: ಗುತ್ತಿಗೆದಾರನಿಗೋ, ಸರಕಾರಕ್ಕೋ? ಅಪಾಯ ಕಂಡಾಗ ಆ ಪಾಳಿಯ ಕೆಲಸವನ್ನು ಯಾರನ್ನೂ ಕೇಳದೆ ನಿಲ್ಲಿಸುವ ಅಧಿಕಾರ ಅವನಿಗೆ ಇರುವುದೆ? ನಮ್ಮ 1952ರ ಗಣಿ ಕಾನೂನು ಇಂತಹ ಅಧಿಕಾರವನ್ನು ಇನ್‌ಸ್ಪೆಕ್ಟರರಿಗೆ ಕೊಟ್ಟಿತು. ಇನ್‌ಸ್ಪೆಕ್ಟರನು ಬರುವುದು ವರ್ಷದಲ್ಲಿ ಕೆಲವು ದಿನ, ಬಂಡೆ ಇರುವುದು ಎಲ್ಲ ದಿನ. ದಕ್ಷಿಣ ಆಫ್ರಿಕದ 1996ರ ಕಾನೂನು ಅಪಾಯದ ಸ್ಥಳವನ್ನು ಬಿಟ್ಟು ಹೊರಡುವ ಹಕ್ಕನ್ನು ಸಾಮಾನ್ಯ ಕೂಲಿಯವನಿಗೂ ಕೊಟ್ಟಿದೆ. ಕೋಲ್‌ಬ್ರೂಕಿನ 435 ಜನರಿಗೆ ಆ ಹಕ್ಕಿರಲಿಲ್ಲ. ಮೂರನೆಯದಾಗಿ, ರಾಶಿಗಳ ಅಳತೆ, ಗಣಿಯೊಳಗಿನ ನೀರಿನ ಮಟ್ಟ, ಕಂಪನಗಳ ದಾಖಲೆ ಇವು ಕಡತದಲ್ಲಿಯೇ ಉಳಿಯುವುವೋ, ಅಥವಾ ತಿಂಗಳಿಗೊಮ್ಮೆ ರಾಬರ್ಟ್‌ಸನ್‌ಪೇಟೆಯ ನಗರಸಭೆಯ ಗೋಡೆಯ ಮೇಲೆ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಅಂಟಿಸಲ್ಪಡುವುವೋ? ಅಲ್ಲಿಯ ನಿವಾಸಿಗಳಲ್ಲಿ ಎಷ್ಟೋ ಮಂದಿ, ಅಜ್ಜನ ಕಾಲದಿಂದ, ಪಾತ್ರೆಯ ನಡುಕದಿಂದಲೇ ಸ್ಫೋಟದ ಆಳವನ್ನು ಊಹಿಸಿದವರು. ಅಂಕಿಗಳನ್ನು ಓದಲು ಅವರಿಗೆ ಕಷ್ಟವಾಗದು.